ಬಾವಿಗೆ ಗಂಟೆಗೆ ಎಷ್ಟು ನೀರು ಊರುತ್ತದೆ ಎಂದು ಅಳೆಯುವುದು ಹೇಗೆ?

ಪ್ರಶ್ನೆ (ಹಿರಿಯೂರು ತಾಲ್ಲೂಕು)

ನಮ್ಮ ಹಿತ್ತಲಿನಲ್ಲಿ ಅಜ್ಜನ ಕಾಲದ ಕಲ್ಲುಕಟ್ಟಿನ ಬಾವಿಯಿದೆ. ಆಳ 42 ಅಡಿ, ಒಳ ಅಗಲ 10 ಅಡಿ, ಈಗ ಏಪ್ರಿಲ್‌ನಲ್ಲಿ ನಿಂತಿರುವ ನೀರು 11 ಅಡಿ. ಆರು ಜನರ ಮನೆಗೆ ಇದನ್ನೇ ನಂಬಿ ಮೋಟರ್ ಇಳಿಸಬೇಕೆಂದಿದ್ದೇವೆ. ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ತುಂಬಿದೆಯೇ ಎಂದು ನೋಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಸರಿಯೇ ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಚಳ್ಳಕೆರೆ)

ಹಾಗೆ ನೋಡಿದರೆ ಬಾವಿ ಮೂರು ಗಂಟೆಯಲ್ಲಿ ತುಂಬಿತೋ ಹತ್ತು ಗಂಟೆ ಹಿಡಿಯಿತೋ ತಿಳಿಯುವುದಿಲ್ಲ. ಪೂರ್ತಿ ಬರಿದು ಮಾಡುವುದಂತೂ ಬೇಡವೇ ಬೇಡ, ಏಕೆಂದರೆ ಒಳಗಿನ ನೀರು ಒಮ್ಮೆಲೇ ಇಳಿದಾಗ ಹಳೆಯ ಕಲ್ಲುಕಟ್ಟಿನ ಹಿಂದೆ ನಿಂತ ನೀರು ಕಲ್ಲುಗಳನ್ನು ಒಳಕ್ಕೆ ನೂಕಬಹುದು.

ಹಿಂದಿನ ರಾತ್ರಿಯಿಂದ ಒಂದು ಕೊಡವನ್ನೂ ಸೇದದೆ ಬಿಟ್ಟು, ಬಾವಿಕಟ್ಟೆಯ ಒಂದು ಕಲ್ಲಿಗೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. ತುದಿಗೆ ಬೋಲ್ಟು ಕಟ್ಟಿದ ಟೇಪಿಗೆ ಕೆಳಗಿನ ಎರಡಡಿಯಷ್ಟು ಸೀಮೆಸುಣ್ಣ ಬಳಿದು ಇಳಿಬಿಟ್ಟರೆ, ಒದ್ದೆಯ ಗೆರೆ ನೀರಿನ ಮಟ್ಟವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬಾಡಿಗೆ ಮೋಟರಿನಿಂದ ನಿಧಾನವಾಗಿ ಐದಾರು ಅಡಿ ಇಳಿಸಿ, ನಿಲ್ಲಿಸಿದ ಮೇಲೆ ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಬಳಿಕ ಗಂಟೆಗೊಮ್ಮೆ ಬರೆದುಕೊಳ್ಳಿ. ನಿಮ್ಮ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,220 ಲೀಟರ್. ಮಟ್ಟ ಏರಿದಂತೆ ಊರುವ ವೇಗ ತಗ್ಗುತ್ತದೆ. ಸುತ್ತಲಿನ ನೆಲದ ನೀರಿಗೂ ಬಾವಿಯ ನೀರಿಗೂ ಇರುವ ಎತ್ತರದ ಅಂತರವೇ ಒರತೆಯ ಬಲ.

ಉತ್ತರ (ದಾವಣಗೆರೆ)

ಪರೀಕ್ಷೆಯ ದಿನ ಪಕ್ಕದ ತೋಟದ ಬೋರ್ ಓಡುತ್ತಿದ್ದರೆ ಅದನ್ನೂ ಬರೆದಿಡಿ. ಅಳೆಯಲು ಯಾರೂ ಬಾವಿಯೊಳಗೆ ಇಳಿಯಬೇಡಿ. ತಳದಲ್ಲಿ ಉಸಿರಾಡುವ ಗಾಳಿ ಇಲ್ಲದೆ ಜೀವ ಹೋಗಬಹುದು. ಕೊಳವೆಬಾವಿಯವರಿಗೂ ಒಂದು ಮಾತು: ಆರೂವರೆ ಇಂಚಿನ ಬೋರಿನಲ್ಲಿ 100 ಅಡಿ ನಿಂತ ನೀರು ಸುಮಾರು 650 ಲೀಟರ್ ಆಗುವುದರಿಂದ, ಮೊದಲ ಹತ್ತು ನಿಮಿಷ ಡ್ರಮ್ ತುಂಬುವ ವೇಗ ನೋಡಿ ಮೋಸಹೋಗದೆ, ಕೆಲವು ಗಂಟೆ ಓಡಿಸಿದ ಮೇಲೆಯೇ ಅಳೆಯಬೇಕು.

ಪ್ರಶ್ನೆ ಕೇಳಿದವರಿಂದ

ಹೇಳಿದಂತೆಯೇ ಅಳೆದೆವು. ಮೊದಲ ಗಂಟೆಯಲ್ಲಿ 9 ಇಂಚು, ಅಂದರೆ ಸುಮಾರು 1,660 ಲೀಟರ್ ಊರಿತು. ಆರನೆಯ ಗಂಟೆಯಲ್ಲಿ 4 ಇಂಚು ಮಾತ್ರ. ಮರುದಿನ ಮತ್ತೆ ಇಳಿಸಿ ನೋಡಿದಾಗ ಮೊದಲ ಗಂಟೆಯ ಏರಿಕೆ 8 ಇಂಚಿತ್ತು. ಜಲ ಜೀವನ್ ಮಿಷನ್ನಿನ ಲೆಕ್ಕದಂತೆ ತಲಾ 55 ಲೀಟರ್ ಹಿಡಿದರೆ ನಮಗೆ ದಿನಕ್ಕೆ 330 ಲೀಟರ್ ಸಾಕಾಗುವುದರಿಂದ ಮನೆಬಳಕೆಗೆ ಧೈರ್ಯ ಬಂದಿದೆ. ತೆಂಗಿನ ಮರಗಳಿಗೆ ಬಿಡಬೇಕೇ ಎಂಬುದನ್ನು ಮೇ ಕೊನೆಯಲ್ಲಿ, ಮುಂಗಾರಿಗೆ ಮೊದಲು ಇನ್ನೊಮ್ಮೆ ಅಳೆದು ತೀರ್ಮಾನಿಸುತ್ತೇವೆ.