ಸಹಾಯ ಬೇಕು: 1990ರ ಮಿಯಾಟಾಗೆ ಯಾವ ಸ್ವೇ ಬಾರ್ ಲಿಂಕ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಸಿಯಾಟಲ್‌ನಲ್ಲಿ. ನನ್ನ ಹತ್ತಿರ 1990ರ ಮಾಜ್ದಾ ಮಿಯಾಟಾ ಇದೆ. 1.6 ಲೀಟರ್ ಎಂಜಿನ್, ಎದ್ದು ಕೂರುವ ಹೆಡ್‌ಲೈಟ್. ಮನೆಯಲ್ಲಿ ಅದಕ್ಕೆ ಕಪ್ಪೆ ಅಂತಲೇ ಹೆಸರು!

ಈಗ ಸಣ್ಣ ಹಂಪ್ ಹತ್ತಿದರೂ ಮುಂದಿನ ಎಡ ಚಕ್ರದ ಕಡೆ ಟಕ್ ಟಕ್ ಸದ್ದು. ಜಾಕ್ ಹಾಕಿ ನೋಡಿದೆ. ಸ್ವೇ ಬಾರ್ ಅಂದರೆ ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಉಕ್ಕಿನ ಸರಳು; ಅದರ ತುದಿಯನ್ನು ಚಕ್ರದ ತೋಳಿಗೆ ಜೋಡಿಸುವ ಲಿಂಕ್‌ನ ರಬ್ಬರ್ ಬುಷ್ (ಮೆತ್ತೆ) ಸೀಳಿಹೋಗಿದೆ. ಹಳೇ ಮಾಲೀಕರು ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಒಂದೂವರೆ ಇಂಚು ತಗ್ಗಿಸಿದ್ದಾರೆ. ಹಾಗಾಗಿ ಬಾರ್‌ನ ತುದಿ ಮೇಲಕ್ಕೆ ಎತ್ತಿಕೊಂಡಿದೆ. ಹೇಗೂ ಬಿಚ್ಚುತ್ತೇನೆ, ಉದ್ದ ಹೊಂದಿಸಬಹುದಾದ ಲಿಂಕನ್ನೇ ಹಾಕೋಣ ಅಂತ ಆಸೆ.

ಗೊಂದಲ ಇಷ್ಟೇ. ರಾಡ್ ಎಂಡ್ (ಲೋಹದ ಗುಂಡು ಕೀಲು) ಇರುವ ಲಿಂಕ್‌ನಲ್ಲಿ ರಬ್ಬರ್ ತರಹ ಅಮುಕಿಕೊಳ್ಳುವುದು ಇರುವುದಿಲ್ಲ, ತಿರುವಿನಲ್ಲಿ ಬಾರ್ ತಕ್ಷಣ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಚಳಿಗಾಲವಿಡೀ ಮಳೆ. ನೀರು, ಮಣ್ಣು ಸೇರಿ ಅದೂ ಸವೆದು ಸದ್ದು ಮಾಡಿದರೆ? ಆ ಕೀಲಿಗೆ ರಬ್ಬರ್ ಬೂಟ್ (ನೀರು, ಮಣ್ಣು ತಡೆಯುವ ಹೊದಿಕೆ) ಹಾಕಿಸಿದವರು ಇದ್ದೀರಾ? ಎಷ್ಟು ವರ್ಷ ಬಂತು? ನಾನು ರೇಸಿಗೆ ಹೋಗುವವನಲ್ಲ, ಭಾನುವಾರ ಬೆಳಿಗ್ಗೆ ಸುಮ್ನೆ ಒಂದು ಸುತ್ತು ಹೊಡೆಯುವವನು.

ಇನ್ನೊಂದು ವಿಷಯ. ಲಿಂಕ್ ಉದ್ದ ಹೊಂದಿಸುವಾಗ ಎರಡೂ ಚಕ್ರದ ಮೇಲೆ ಕಾರಿನ ಭಾರ ಇರಬೇಕು, ಇಲ್ಲದಿದ್ದರೆ ಬಾರ್ ಮೊದಲೇ ತಿರುಚಿಕೊಳ್ಳುತ್ತದೆ ಅಲ್ವಾ? ಆದರೆ ನೆಲಕ್ಕಿಳಿಸಿದರೆ ಕೆಳಗೆ ಕೈಯೇ ತೂರುವುದಿಲ್ಲ. ಮನೆಯಲ್ಲಿ ಲಿಫ್ಟ್ ಇಲ್ಲದವರು ಹೇಗೆ ಮಾಡಿದಿರಿ? ರ‍್ಯಾಂಪ್ ಸಾಕಾ? ಡ್ರೈವರ್ ಸೀಟಿನಲ್ಲಿ ನನ್ನ ತೂಕದಷ್ಟು ಅಕ್ಕಿ ಮೂಟೆ ಇಡಬೇಕಾ?

ತುಕ್ಕು ಹಿಡಿದ ಬೋಲ್ಟ್‌ಗೆ ನಿನ್ನೆಯಿಂದ ಎಣ್ಣೆ ಬಿಡುತ್ತಿದ್ದೇನೆ, ಇನ್ನೂ ಜಗ್ಗಿಲ್ಲ. ಶನಿವಾರ ಕೆಲಸಕ್ಕೆ ಇಳಿಯಬೇಕು. ಅಷ್ಟರೊಳಗೆ ಯಾರಾದರೂ ಹೇಳಿ.