ಸಹಾಯ ಬೇಕು: ಬ್ಯಾಂಕ್ ಕೌಂಟರಿನ ಇಂಗ್ಲಿಷ್ ಮಾತಿಗೆ ಕನ್ನಡ ವಿವರಣೆ

ಕುಂಬಳೆ, ಬದಿಯಡ್ಕ ಕಡೆಯ ಹಿರಿಯರಿಗೆ ಒಂದು ಪುಟದ ಕೈಪಿಡಿ ಮಾಡುತ್ತಿದ್ದೇವೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ದಯವಿಟ್ಟು ನೋಡಿ ತಿದ್ದಿಕೊಡಿ.

‘ಅಕೌಂಟ್ ಇನಾಪರೇಟಿವ್’ ಎಂದ ಕೂಡಲೇ ದುಡ್ಡೇ ಹೋಯಿತೆಂದು ಹೆದರುವವರಿದ್ದಾರೆ. 2 ವರ್ಷ ಗ್ರಾಹಕರ ಕಡೆಯಿಂದ ವ್ಯವಹಾರ ಇಲ್ಲದಿದ್ದರೆ ಖಾತೆ ಹೀಗೆ ನಿಷ್ಕ್ರಿಯವಾಗುತ್ತದೆ, ಅಷ್ಟೆ. ಬ್ಯಾಂಕೇ ಹಾಕುವ ಉಳಿತಾಯದ ಬಡ್ಡಿ ಇಂಥ ವ್ಯವಹಾರವೆಂದು ಲೆಕ್ಕಕ್ಕಿಲ್ಲ. ಕೆವೈಸಿ (ಗುರುತು, ವಿಳಾಸದ ದಾಖಲೆ ಪರಿಶೀಲನೆ) ಮಾಡಿಸಿದರೆ ಖಾತೆ ಮತ್ತೆ ಚಾಲೂ, ಶುಲ್ಕವಿಲ್ಲ.

‘ಲೀನ್’ (ಖಾತೆಯ ಹಣಕ್ಕೆ ಹಾಕಿದ ತಡೆ) ಇದ್ದರೆ ಹಣ ಖಾತೆಯಲ್ಲೇ ಇರುತ್ತದೆ, ತಡೆಹಿಡಿದ ಮೊತ್ತವನ್ನು ತೆಗೆಯಲಾಗದು. ‘ಎಷ್ಟು ಮೊತ್ತಕ್ಕೆ, ಯಾರ ಆದೇಶದ ಮೇಲೆ?’ ಎಂದೇ ಕೇಳಬೇಕು.

ನಮಗೆ ತೊಡಕಾಗಿರುವುದು ಜಂಟಿ ಠೇವಣಿ ಫಾರಮು. ‘ಐದರ್ ಆರ್ ಸರ್ವೈವರ್’ ಎಂದರೆ ಅವಧಿ ಮುಗಿದಾಗ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು. ‘ಫಾರ್ಮರ್ ಆರ್ ಸರ್ವೈವರ್’ನಲ್ಲಿ ಮೊದಲ ಹೆಸರಿನವರು ಬದುಕಿರುವಷ್ಟು ಕಾಲ ಅವರಿಗೆ ಮಾತ್ರ. ಅವಧಿಗೆ ಮೊದಲೇ ಮುರಿಯುವ ಒಪ್ಪಿಗೆಯ ಕಲಮನ್ನು ಎರಡು ಸಾಲಿನಲ್ಲಿ ಹೇಗೆ ಹೇಳುವುದು?