ನೀರು ತಿಳಿಯಾಗಿದೆ, ದೊಡ್ಡ ಮೀನಿದೆ, ಮರಿ ಮಾತ್ರ ಇಲ್ಲ

ಪ್ರಶ್ನೆ: ಮೇಡಂ, ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ರಜೆ ಸಿಕ್ಕರೆ ಬೆಲ್ಯೂಸ್ ಕೆರೆಗೆ ಗಾಳ ಹಾಕಲು ಹೋಗುತ್ತೇವೆ. ಪಕ್ಕದ ಮನೆ ಅಜ್ಜ ಹೇಳುತ್ತಾರೆ, ಎಪ್ಪತ್ತರ ದಶಕದಲ್ಲಿ ಕರೆಂಟ್ ಪ್ಲಾಂಟಿನ ನೀರು ಬಿಟ್ಟು ಇಲ್ಲಿನ ಮೀನೆಲ್ಲ ಹೋಯಿತಂತೆ. ಆದರೆ ಸತ್ತು ತೇಲಿದ್ದನ್ನು ಅವರು ನೋಡಿಲ್ಲವಂತೆ. ಇದು ಹೇಗೆ? ಬಿಸಿನೀರಿನ ಕಾರಣವಾ?

ಉತ್ತರ: ಅಜ್ಜನ ಮಾತು ಸರಿ. ಕಾರಣ ಬಿಸಿನೀರಲ್ಲ, ಬೂದಿ. ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಲ್ಲಿ ಕಲಸಿ ಹೊಂಡಕ್ಕೆ ಬಿಡುತ್ತಿದ್ದರು. ಬೂದಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರು 1974ರಿಂದ 1985ರವರೆಗೆ ಕೆರೆಗೆ ಹರಿಯಿತು. ಆ ತಿಳಿನೀರಲ್ಲೇ ಕಲ್ಲಿದ್ದಲಿನಿಂದ ಬಂದ ಸೆಲೆನಿಯಂ ಎಂಬ ಧಾತು ಕರಗಿತ್ತು.

ಕೆರೆಯಲ್ಲಿ ಅದು ಲೀಟರಿಗೆ ಸುಮಾರು 10 ಮೈಕ್ರೊಗ್ರಾಂ ಅಷ್ಟೇ. ಅಮೆರಿಕದಲ್ಲಿ ಕುಡಿಯುವ ನೀರಿಗೇ 50ರವರೆಗೆ ಬಿಡುತ್ತಾರೆ! ಆದರೆ ಮೀನು ನೀರನ್ನಷ್ಟೇ ನಂಬಿ ಬದುಕುವುದಿಲ್ಲ ಅಲ್ವಾ? ಪಾಚಿ, ಪಾಚಿ ತಿಂದ ಹುಳ, ಹುಳ ತಿಂದ ಮೀನು. ಅಷ್ಟರಲ್ಲಿ ನೀರಲ್ಲಿದ್ದುದಕ್ಕಿಂತ ನೂರಾರು, ಸಾವಿರಾರು ಪಟ್ಟು ಜಾಸ್ತಿ ಆಗಿರುತ್ತದೆ.

ತಾಯಿಮೀನು ನೋಡಲು ಬಹುಪಾಲು ದಷ್ಟಪುಷ್ಟವಾಗಿಯೇ ಇರುತ್ತದೆ. ಮೊಟ್ಟೆಯೂ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕೆಲವು ದಿನ ಬಾಯಿಂದ ತಿನ್ನುವುದಿಲ್ಲ, ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ತಾಯಿ ಕಟ್ಟಿಕೊಟ್ಟ ಆ ಬುತ್ತಿಯಲ್ಲಿ ಗಂಧಕ ಇರಬೇಕಾದ ಜಾಗದಲ್ಲಿ ಸೆಲೆನಿಯಂ ಕೂತಿರುತ್ತದೆ. ಬೆನ್ನೆಲುಬು ಸೊಟ್ಟ, ಕಣ್ಣು ಹೊರಗೆ, ಮೈ ಊದಿಕೊಂಡಿರುತ್ತದೆ. ಅಂಥ ಮರಿ ನೆಟ್ಟಗೆ ಈಜಲಾರದು, ಕಡಲೆಬೀಜದಷ್ಟು ಆಗುವ ಮೊದಲೇ ಮುಗಿಯುತ್ತದೆ. ಇದ್ದ ಮೀನು ಮುದಿಯಾಯಿತು, ಹೊಸದು ಬರಲಿಲ್ಲ. ತೇಲುವ ಹೆಣ ಎಲ್ಲಿಂದ ಬರಬೇಕು?

20 ಜಾತಿಗಳಲ್ಲಿ 19ಕ್ಕೆ ಪೆಟ್ಟು ಬಿತ್ತು. 16 ಪೂರ್ತಿ ಕಾಣೆಯಾದವು.

ಇನ್ನೊಬ್ಬರು: ಪೆಟ್ಟು ತಿನ್ನದ ಆ ಒಂದು ಯಾವುದು?

ಉತ್ತರ: ಗಂಬೂಸಿಯಾ! ಸೊಳ್ಳೆಮರಿ ತಿನ್ನಲಿ ಅಂತ ನಮ್ಮೂರಲ್ಲಿ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡುವ ಅದೇ ಪುಟ್ಟ ಮೀನು. ಗಟ್ಟಿ ಜೀವ.

ಪ್ರಶ್ನೆ: ಹಾಗಾದರೆ ಈಗ ತಿನ್ನಬಹುದಾ? ನೀರು ಪರೀಕ್ಷೆ ಮಾಡಿಸಿದರೆ ಸಾಕಾ?

ಉತ್ತರ: ನೀರಿನ ವರದಿ ಒಂದನ್ನೇ ನಾನು ನಂಬುವುದಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ 2016ರಲ್ಲಿ ಮೀನಿನ ಮೊಟ್ಟೆಯ ಅಳತೆಗೇ ಮೊದಲ ಸ್ಥಾನ ಕೊಟ್ಟಿತು, ಸೆಲೆನಿಯಂ ಮಿತಿ ಒಣತೂಕದ ಕಿಲೋಗೆ 15.1 ಮಿಲಿಗ್ರಾಂ. ಅದು ಮೀನಿನ ಕ್ಷೇಮಕ್ಕೆ. ನಿಮ್ಮ ಊಟಕ್ಕೆ ರಾಜ್ಯದ ಆರೋಗ್ಯ ಇಲಾಖೆಯ ಮೀನಿನ ಪಟ್ಟಿ ನೋಡಿ. ಬಾಸ್ ತರಹದ ಬೇಟೆಮೀನಿನಲ್ಲಿ ಪಾದರಸವೂ ಇರುತ್ತದೆ, ಗರ್ಭಿಣಿಯರಿಗೆ, ಮಕ್ಕಳಿಗೆ ಸುಮ್ನೆ ಬೇಡ.

ಬೂದಿನೀರು ನಿಂತ ಮೇಲೆ ಕೆರೆ ಸುಧಾರಿಸಿದ್ದು ನಿಜ. ಆದರೆ ಹತ್ತು ವರ್ಷ ಕಳೆದು 1996ರಲ್ಲಿ ನೋಡಿದಾಗಲೂ ಸೊಟ್ಟ ಮರಿಗಳು ಸಿಕ್ಕವು. ತಳದ ಕೆಸರಲ್ಲಿ ಸೆಲೆನಿಯಂ ಉಳಿದಿತ್ತು, ಹುಳಗಳು ಅದನ್ನೇ ತಿನ್ನುತ್ತಿದ್ದವು.